ಡ್ರೈವರ್ ಹಿಂದಿನ ಸೀಟು

"ಕೊನೇ ಸ್ಟಾಪ್. ಇಳೀರಿ."

ಅವಳು ತಲೆ ಎತ್ತಲಿಲ್ಲ. ಫೋನಿನಲ್ಲಿ ಬರೆಯುತ್ತಿದ್ದ ಕಥೆಯ ನಾಯಕಿ ಆಗಷ್ಟೇ ಅಳಲು ಶುರುಮಾಡಿದ್ದಳು. ಅವಳನ್ನು ಅರ್ಧಕ್ಕೆ ಬಿಟ್ಟು ಇಳಿಯುವುದು ಹೇಗೆ?

"ನಿಮಗೇ ಹೇಳಿದ್ದು, ಮೇಡಂ."

"ಇನ್ನೊಂದು ಸಾಲು..." ಅಂದಳು, ಒಲೆಯ ಮೇಲೆ ಹಾಲಿಟ್ಟು ಬಂದವರ ಧಾವಂತದಲ್ಲಿ.

ಡ್ರೈವರ್ ತಿರುಗಿ ನೋಡಿದ. ಆ ಕಣ್ಣಲ್ಲಿದ್ದದ್ದು ಸಿಟ್ಟೋ ನಗುವೋ ಅವಳಿಗೆ ತಿಳಿಯಲಿಲ್ಲ. ಅವನು ಎಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಕಾಯುತ್ತ ಕೂತ. 

ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅವಳ ಕೆಲಸ. ಕಾಲರಿಗೆ ಸದಾ ಪಿನ್ನು ಚುಚ್ಚಿಕೊಂಡಿರುತ್ತಿದ್ದುದರಿಂದ ಅಲ್ಲಿನವರು ಅವಳಿಗಿಟ್ಟ ಹೆಸರು ಗುಂಡುಸೂಜಿ. ವಾಸ ಅಣ್ಣನ ಮನೆಯಲ್ಲಿ. ದಿನಾ ಬರೆಯಬೇಕೆಂದು ಎಷ್ಟು ಸಲ ಶಪಥ ಮಾಡಿದ್ದಳೋ! ಬರೆಯಲು ಕೂತರೆ ಸಾಕು, ಅಣ್ಣನ ಅಂಗಿಯ ಗುಂಡಿ ಕಿತ್ತುಬರುತ್ತಿತ್ತು, ಅತ್ತಿಗೆಯ ಕೂಗು ಬರುತ್ತಿತ್ತು, ಮಕ್ಕಳಿಗೆ ಬಾರದ ಲೆಕ್ಕ ಬರುತ್ತಿತ್ತು. ಕಥೆ ಬರೆಯುವ ಆ್ಯಪ್‌ನಲ್ಲಿ ಶುರುಮಾಡಿದವು ಹಲವು, ಮುಗಿಸಿದ್ದು ಒಂದೂ ಇಲ್ಲ.

"ಹೆತ್ತು ಹೆಸರಿಡದೆ ಬಿಟ್ಟ ಮಕ್ಕಳ ಹಾಗೆ ನೋಡು ನಿನ್ನ ಕಥೆಗಳು," ಎಂದಿದ್ದಳು ಅತ್ತಿಗೆ. ತಮಾಷೆಯ ಮಾತೇ. ಆದರೂ ಗುಂಡುಸೂಜಿಗೇ ಚುಚ್ಚಿತ್ತು.

ಈ ಸಲವಾದರೂ ಒಂದನ್ನು ಮುಗಿಸಲೇಬೇಕು ಎಂದು ಹಟ ಹಿಡಿದಾಗ ಸಿಕ್ಕಿದ್ದು ಈ ಬಸ್ಸು, ಡ್ರೈವರ್ ಹಿಂದಿನ ಈ ಸೀಟು. ಇಲ್ಲಿ ಅವಳನ್ನು ಕರೆಯುವವರಿಲ್ಲ. ಅಂಗಡಿ ಮುಗಿಸಿ ಮನೆಗೆ ಹೋಗುವಾಗ ಕೊನೇ ಸ್ಟಾಪಿನವರೆಗೂ ಬರೆಯುತ್ತಿದ್ದಳು. ಆ ಸಂಜೆಯ ನಂತರ ಡ್ರೈವರ್ ಇಳಿಯಿರಿ ಅನ್ನಲಿಲ್ಲ. ಅವಳು ತಲೆ ಎತ್ತುವವರೆಗೂ ಕಾಯುತ್ತಿದ್ದ, ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದ, ಅಷ್ಟೇ. ಆ ನೋಟಕ್ಕಾಗಿ ತಾನೂ ಕಾಯುತ್ತಿದ್ದೇನೆಂದು ಅವಳು ಒಪ್ಪಿಕೊಂಡಿರಲಿಲ್ಲ.

ಕಥೆ ಕೊನೆಗೆ ಬಂತು. ಮುನಿಸಿಕೊಂಡು ಹೋಗಿದ್ದ ನಾಯಕ ಬಾಗಿಲ ಹೊರಗೆ ಬಂದು ನಿಂತಿದ್ದಾನೆ. ಒಳಗೆ ನಾಯಕಿಯ ಕೈ ಚಿಲಕದ ಮೇಲಿದೆ...

ಆಗಲೇ ಬಸ್ಸಿನಲ್ಲಿ ಗದ್ದಲವೆದ್ದಿತು. ಜನ ಇಳಿಯಬೇಕಿದ್ದ ಸ್ಟಾಪ್ ದಾಟಿ ಬಸ್ಸು ಎಷ್ಟೋ ಮುಂದೆ ಬಂದಿತ್ತು. ಜನ ಬೈಯತೊಡಗಿದರು. ಬ್ರೇಕ್ ಒತ್ತಿದ ಡ್ರೈವರ್ ಕೆಂಪು ಮುಖ ಮಾಡಿಕೊಂಡು ತಿರುಗಿದ್ದು ಅವಳ ಕಡೆಗೆ.

"ನಾಳೆಯಿಂದ ಹಿಂದೆ ಎಲ್ಲಾದ್ರೂ ಕೂತ್ಕೊಳ್ಳಿ. ಇಲ್ಲಿ ಬೇಡ."

ಎಲ್ಲರೆದುರಿಗೆ! ನಾನೇನು ಮಾಡಿದೆ? ಅಲ್ಲೇ ಇಳಿದು ಮನೆವರೆಗೂ ನಡೆದಳು.

ಮರುದಿನದಿಂದ ಬೇರೆ ಬಸ್ಸು ಹಿಡಿದಳು. ಅದರಲ್ಲಿ ಕಂಬಿ ಹಿಡಿದು ನಿಲ್ಲುವುದಕ್ಕೇ ಕೈ ಸಾಲದು. ಮನೆಯಲ್ಲಿ ಒಂದು ಸಾಲು ಬರೆದು ಅಳಿಸಿದಳು, ಅದನ್ನೇ ಮತ್ತೆ ಬರೆದು ಮತ್ತೆ ಅಳಿಸಿದಳು. ಸಪ್ಪೆ ಮುಖ ನೋಡಲಾರದೆ ಅತ್ತಿಗೆಯೇ, ಇವತ್ತು ಅಡುಗೆಮನೆ ಕಡೆ ಬರಬೇಡ, ಕೂತು ಬರಿ ಎಂದು ಹೇಳಿ ಮಕ್ಕಳನ್ನು ಹೊರಗೆ ಕರೆದೊಯ್ದಳು. ಮನೆಯೆಲ್ಲ ನಿಶ್ಶಬ್ದ. ಆದರೂ ಅಕ್ಷರ ಹುಟ್ಟಲಿಲ್ಲ. ಬಿಡುವಿಲ್ಲ ಎಂದು ದೂರುತ್ತಿದ್ದವಳಿಗೆ ಈಗ ಆ ನೆಪವೂ ಉಳಿಯಲಿಲ್ಲ. ಇದೂ ಅರ್ಧಕ್ಕೇ ನಿಂತಿತು... ಫೋನನ್ನು ದಿಂಬಿನಡಿ ತುರುಕಿ ಅತ್ತಳು.

ಒಂದು ಮಧ್ಯಾಹ್ನ ಡ್ರೈವರ್, ಅವಳು ಹತ್ತುತ್ತಿದ್ದ ಸ್ಟಾಪಿನಲ್ಲಿ ವಿಚಾರಿಸಿಕೊಂಡು, ಅಂಗಡಿಗೇ ಬಂದ. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು.

"ನೀವು ಬರೀತಾ ಬರೀತಾ ಮಾತಾಡ್ತೀರಿ. ಗೊತ್ತಾ ನಿಮಗೆ?"

ಅವಳ ಕೆನ್ನೆ ಬಿಸಿಯಾಯಿತು. ಎಂಜಿನ್ ಸದ್ದಿನಲ್ಲಿ ತನ್ನ ಪಿಸುಮಾತು ಯಾರಿಗೂ ಕೇಳದು ಎಂದುಕೊಂಡಿದ್ದಳು. ಸದ್ದಿನ ಜೊತೆ ಪಿಸುಮಾತೂ ಏರಿದ್ದು ಅವಳಿಗೆ ತಿಳಿದೇ ಇರಲಿಲ್ಲ.

"ಅಷ್ಟೂ ಕೇಳಿಸ್ಕೊಂಡ್ರಾ?"

"ಮೊದಲನೇ ದಿನದಿಂದ. ಅವತ್ತು ಅವಳು ಚಿಲಕದ ಮೇಲೆ ಕೈಯಿಟ್ಲು ಅಂದ್ರಿ, ನಾನು ಸ್ಟಾಪೇ ಮರೆತೆ. ಅಷ್ಟು ಜನರ ಜೀವ ನನ್ನ ಕೈಲಿತ್ತು... ಹೆದರಿಕೆ ಆಯ್ತು. ನನ್ನ ಮೇಲಿನ ಸಿಟ್ಟು ನಿಮ್ಮ ಮೇಲೆ ಹಾಕ್ಬಿಟ್ಟೆ." ಅವನು ತಲೆ ತಗ್ಗಿಸಿದ. "ಬಾಗಿಲು ತೆಗೆದ್ಲಾ ಅವಳು?"

"ಗೊತ್ತಿಲ್ಲ. ಆಮೇಲೆ ಬರೆದೇ ಇಲ್ಲ."

ಅವನಿಗೆ ಅಂದು ರಜೆ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಹೋಗೋಣ, ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ, ಸ್ಟಾಪ್ ತಪ್ಪಿದರೆ ಬೈಯುವವರಿಲ್ಲ ಅಂದ. ಅವಳು ಕಾಲರಿನ ಪಿನ್ನು ಒಂದೊಂದಾಗಿ ತೆಗೆದಿಟ್ಟು, ಸಂಜೆಯವರೆಗೆ ಕಾಯುತ್ತೀರಾ ಎಂದಳು. ಅವನು ಕಾದ.

ಬಸ್ಸು ಹೊರಟಿತು, ಬೆರಳುಗಳೂ ಹೊರಟವು. ತುಟಿಗಳು ತಾವಾಗಿಯೇ ಅಲುಗಿದವು. ಕೊನೇ ಸ್ಟಾಪ್ ಹತ್ತಿರವಾಗುವಾಗ ಅವಳು ಬರೆಯುವುದನ್ನು ನಿಲ್ಲಿಸಿದಳು.

"ಏನಾಯ್ತು?"

"ಅವಳು ಬಾಗಿಲು ತೆಗೀತಿಲ್ಲ."

"ಯಾಕಂತೆ?"

"ಹೊರಗೆ ನಿಂತವನು ಬಾಯಿಬಿಟ್ಟು ಒಂದು ಮಾತೂ ಕೇಳಿಲ್ಲ, ಅದಕ್ಕೆ."

ಅವನು ಕಿಟಕಿಯಾಚೆ ನೋಡಿದ. ಆಮೇಲೆ ಮೆಲ್ಲಗೆ, "ದಿನಾ ಇವಳ ಪಕ್ಕದಲ್ಲೇ ಕೂರಬೇಕು ಅಂತ ಅವನಿಗೆ ಆಸೆ. ಕೂರ್ಲಾ ಅಂತ ಕೇಳ್ತಿದ್ದಾನೆ."

ಅವಳು ಅವನ ಮಾತನ್ನು ಹಾಗೇ ಬರೆದುಕೊಂಡು, ಒಂದು ಕೈಯನ್ನು ಅವನ ಕೈಯೊಳಗಿಟ್ಟು, ಇನ್ನೊಂದರಲ್ಲಿ ಚಿಲಕ ತೆಗೆಯುವ ಸಾಲು ಶುರುಮಾಡಿದಳು.

"ಕೊನೇ ಸ್ಟಾಪ್. ಇಳೀರಿ," ಎಂದಿತು ಮುಂದಿನಿಂದ ದನಿ.

"ಇನ್ನೊಂದು ಸಾಲು," ಅಂದ ಅವನು.