ಇಲ್ಲದ ಕಾರಿನ ಸುತ್ತ

ಆ ಸಂಜೆ ಅವನು ಹೋಗಿದ್ದು ಜಗಳಕ್ಕೆ.

ಪೇಟೆಬೀದಿಯಲ್ಲಿ ಕಾರು ನಿಲ್ಲಿಸುವುದನ್ನು ತಪ್ಪಿಸಿ ಆ ಜಾಗವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡಿಸಿಕೊಡಬೇಕೆಂದು ಒಂದು ಗುಂಪು ನಗರಸಭೆಯ ಬೆನ್ನು ಹತ್ತಿತ್ತು. ಅದೇ ಬೀದಿಯಲ್ಲಿ ಅವನದು ಕನ್ನಡಕದ ಅಂಗಡಿ. ಕಾರಿಗೆ ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ, ತಾನು ನೊಣ ಹೊಡೆಯುತ್ತ ಕೂರಬೇಕಾಗುತ್ತದೆ ಎಂದು ಅವನ ವಾದ. ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಬಾಯಿಪಾಠ ಮಾಡಿಕೊಂಡಿದ್ದ.

ಗುಂಪು ಸೇರುತ್ತಿದ್ದುದು ಒಂದು ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ. ಬಾಗಿಲ ಹೊರಗೆ ಸಾಲಾಗಿ ಸೈಕಲ್ಲುಗಳು. ಅವನ ಚೀಲದ ಪಟ್ಟಿ ಒಂದು ಹ್ಯಾಂಡಲ್ಲಿಗೆ ಸಿಕ್ಕಿ ಅದು ಪಕ್ಕದ್ದರ ಮೇಲೆ ಬಿತ್ತು, ಅದು ಮುಂದಿನದರ ಮೇಲೆ. ಇಡೀ ಸಾಲು ಧಡಧಡನೆ ಮಲಗಿತು. ಗಾಬರಿಯಿಂದ ಒಂದನ್ನು ಎತ್ತಿ ಹಿಡಿದು ನಿಂತಿದ್ದಾಗಲೇ ಬಾಗಿಲು ತೆರೆಯಿತು.

ಬೆರಳ ತುಂಬ ಬಣ್ಣ, ಗಂಟು ಹಾಕಿದ ಕೂದಲಿಗೆ ಸಿಕ್ಕಿಸಿದ ಬ್ರಷ್ಷು. ಅವಳ ಕನ್ನಡಕ ಮೂಗಿನ ಮೇಲೆ ಎಡಕ್ಕೆ ವಾಲಿತ್ತು. ಅವನ ಕಸುಬಿನ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

“ಅಯ್ಯೋ, ಅದನ್ನ ಒಳಗೇ ತಂದ್ಬಿಡಿ. ಈ ಗೋಡೆ ಹತ್ರ ಯಾವುದೂ ನೆಟ್ಟಗೆ ನಿಲ್ಲಲ್ಲ. ತುಂಬ ದೂರದಿಂದ ತುಳ್ಕೊಂಡು ಬಂದ್ರಾ?”

ಇದು ನನ್ನದಲ್ಲ ಎನ್ನಬೇಕಿತ್ತು. ಆದರೆ ಅಷ್ಟರಲ್ಲಿ ಅವಳ ಕಣ್ಣಿನಲ್ಲಿ ಒಂದು ಮೆಚ್ಚುಗೆ ಬಂದು ಕೂತಿತ್ತು. ಅದನ್ನು ಎಬ್ಬಿಸಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ.

“ಅಷ್ಟೇನಿಲ್ಲ,” ಎಂದ.

ಒಳಗೆ ಕೂತಿದ್ದ ಮುದುಕನೊಬ್ಬ ಆ ಸೈಕಲ್ಲನ್ನು ನೋಡಿದ, ಅವನನ್ನು ನೋಡಿದ. ನಿವೃತ್ತ ಅಂಚೆಯವನು, ಎಲ್ಲರ ಬಾಯಲ್ಲಿ ಪೋಸ್ಟ್ ಮಾಮ.

“ಒಳ್ಳೇ ಸೈಕಲ್ಲಪ್ಪಾ,” ಎಂದ ಗಂಭೀರವಾಗಿ. “ನಂದೂ ಹಿಂಗೇ ಇದೆ. ಇದೇ ಬಣ್ಣ, ಇದೇ ಹರಿದ ಸೀಟು.”

ಅವನ ಕಿವಿ ಬಿಸಿಯಾಯಿತು. ಮಾಮ ಮುಂದೆ ಏನೂ ಹೇಳಲಿಲ್ಲ, ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು.

ಬಾಯಿಪಾಠ ಮಾಡಿದ್ದ ಜಗಳ ಬಾಯಲ್ಲೇ ಉಳಿಯಿತು. ಮರುವಾರ ಅವನು ಮಡಚುವ ಸೈಕಲ್ಲೊಂದನ್ನು ಕೊಂಡ. ಅದು ಕಾರಿನ ಡಿಕ್ಕಿಯಲ್ಲಿ ಸರಿಯಾಗಿ ಹಿಡಿಸುತ್ತಿತ್ತು. ಶಾಲೆಯ ಹಿಂದಿನ ಬೀದಿಯಲ್ಲಿ ಕಾರು ನಿಲ್ಲಿಸಿ, ಸೈಕಲ್ ಬಿಡಿಸಿ, ಒಂದು ತಿರುವು ತುಳಿದು ಬರುವನು. ಗಾಳಿಗೆ ಕೆದರಿದಂತೆ ಕಾಣಲೆಂದು ಕೈಯಿಂದಲೇ ತಲೆಗೂದಲು ಕೆದರಿಕೊಳ್ಳುವನು. ಕನ್ನಡಿಯಲ್ಲಿ ಆ ಮುಖ ಕಂಡಾಗ ಅವನಿಗೇ ಹೇಸಿಗೆಯಾಗುತ್ತಿತ್ತು. ಕಾರು ಬಿಡಲಾಗದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಬೆವರುವುದು ಅವನಿಗೆ ಇಷ್ಟವಿರಲಿಲ್ಲ, ಅಷ್ಟೇ.

ಅವಳು ಅದೇ ಶಾಲೆಯ ಡ್ರಾಯಿಂಗ್ ಟೀಚರ್. ಅವನನ್ನು ಗುಂಪಿನವರು ‘ಕನ್ನಡಕ’ ಎಂದೇ ಕರೆದರು. ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದು ಕನ್ನಡಕ ತೆಗೆದು ಗಾಜಿನ ಮೇಲಿಟ್ಟಳು.

“ಎಲ್ಲಾ ಸೊಟ್ಟ ಕಾಣತ್ತೆ. ಮಕ್ಕಳು ಬರೆದ ಮನೆಗಳೂ ವಾಲ್ತಿವೆ.”

ಅವನು ಕಡ್ಡಿಯನ್ನು ಬಿಸಿಮಾಡಿ ಬಗ್ಗಿಸಿದ, ಮೂಗಿನ ಮೇಲೆ ಕೂರುವ ಗುಬ್ಬಿಗಳನ್ನು ಒತ್ತಿದ, ಅವಳ ಮುಖಕ್ಕೆ ತೊಡಿಸಿದ. ಕಿವಿಯ ಹಿಂದಿನ ಕೂದಲನ್ನು ಸರಿಸಬೇಕಾಯಿತು. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ದಿನಕ್ಕೆ ಎಷ್ಟೋ ಜನರ ಕಣ್ಣೊಳಗೆ ಇಣುಕಿದವನಿಗೆ ಅವತ್ತು ನೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಈಗ ಸರಿ ಕಾಣ್ತಿದ್ಯಾ?”

“ನೀವು ವಾಲಿದೀರ.”

“ನಾನಾ?”

“ಹೂಂ. ಇಷ್ಟು ಹೊತ್ತು ನೆಟ್ಟಗಿದ್ರಿ.”

ಅವಳು ನಕ್ಕಳು. ಅವನೂ ನಕ್ಕ. ಎದೆಯೊಳಗೆ ಮಾತ್ರ ಕಾರಿನ ಬೀಗದ ಕೈ ಚುಚ್ಚಿದಂತಾಯಿತು.

ಗುಂಪಿಗೆ ತನ್ನದೇ ಒಂದು ರೀತಿಯಿತ್ತು. ಫುಟ್‌ಪಾತಿನ ಮೇಲೆ ಕಾರು ಹತ್ತಿಸಿ ನಿಲ್ಲಿಸಿದ್ದು ಕಂಡರೆ ಯಾರೂ ಕೂಗಾಡುತ್ತಿರಲಿಲ್ಲ. ಸೀಮೆಸುಣ್ಣ ತೆಗೆದು ಹೆಜ್ಜೆ ಬರೆಯುತ್ತಿದ್ದರು. ಹೆಜ್ಜೆಗಳು ನಡೆದು ಬಂದು ಕಾರಿನ ಮುಂದೆ ನಿಲ್ಲುತ್ತವೆ, ರಸ್ತೆಗಿಳಿಯುತ್ತವೆ, ಕಾರನ್ನು ಸುತ್ತಿ ಮತ್ತೆ ಮೇಲೆ ಹತ್ತುತ್ತವೆ. ಅಷ್ಟೇ. ಅದಕ್ಕಾಗಿ ಪ್ರತಿಯೊಬ್ಬರೂ ತಂತಮ್ಮ ಪಾದದ ಅಳತೆಗೆ ರಟ್ಟು ಕತ್ತರಿಸಿಕೊಂಡಿದ್ದರು.

ಅವಳ ಪಾದದ ಸುತ್ತ ರಟ್ಟಿನ ಮೇಲೆ ಗೆರೆ ಎಳೆದವನು ಅವನೇ.

“ಡ್ರಾಯಿಂಗ್ ಟೀಚರ್ ಆಗಿ ನೀವೇ ಬರ್ಕೊಳ್ಳೋಕಾಗಲ್ವಾ?”

“ಬಗ್ಗಿದ್ರೆ ಪಾದ ಅಲ್ಲಾಡತ್ತೆ. ಬೇಗ ಬರೀರಿ, ಕಚಗುಳಿ ಆಗ್ತಿದೆ.”

“ಬೇಗ ಬರೆದ್ರೆ ಸೊಟ್ಟ ಆಗತ್ತೆ.”

“ಹಾಗಂತ ಒಂದೊಂದು ಬೆರಳಿಗೂ ಇಷ್ಟು ಹೊತ್ತಾ? ಪೋಸ್ಟ್ ಮಾಮ, ನೋಡಿ ಇವರನ್ನ!”

“ನನ್ನನ್ಯಾಕಮ್ಮ ಎಳೀತೀಯ? ನಾನು ಬರೀ ಕಾಗದ ಹಂಚಿದೋನು, ಒಡೆದು ಓದಿದೋನಲ್ಲ,” ಎಂದ ಮಾಮ.

ಅವಳ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಆ ಗೆರೆ ಅವನ ಕೈಯಲ್ಲಿ ಉಳಿದುಬಿಟ್ಟಿತು.

ಒಂದು ಬೆಳಿಗ್ಗೆ ಅವನು ಕನ್ನಡಕದ ಮಸೂರ ಉಜ್ಜುವ ಕಾರ್ಖಾನೆಗೆ ಹೋಗಬೇಕಿತ್ತು. ಇಕ್ಕಟ್ಟಿನ ಬೀದಿ. ಎರಡೇ ನಿಮಿಷ ಎಂದುಕೊಂಡು ಕಾರನ್ನು ಫುಟ್‌ಪಾತಿಗೆ ಹತ್ತಿಸಿದ. ಒಳಗೆ ಒಂದು ಮಸೂರದ ಅಂಚು ಒಡೆದಿತ್ತು, ಮಾತಿಗೆ ಮಾತು ಬೆಳೆಯಿತು.

ಹೊರಗೆ ಬಂದಾಗ ಕಾರಿನ ಸುತ್ತ ಬಿಳಿ ಹೆಜ್ಜೆಗಳಿದ್ದವು. ಎರಡನೆಯ ಬೆರಳು ಉದ್ದ.

ಸಿಕ್ಕಿಬಿದ್ದೆನೆಂದು ಮೊದಲು ನಗು ಬಂತು. ಆಮೇಲೆ ರಸ್ತೆಯ ಕಡೆಯ ಹೆಜ್ಜೆಯೊಂದು ಅರ್ಧಕ್ಕೇ ನಿಂತಿದ್ದು ಕಂಡಿತು. ಪಕ್ಕದಲ್ಲಿ ತುಂಡಾದ ಸೀಮೆಸುಣ್ಣ, ಮಗುಚಿ ಬಿದ್ದ ಒಂದು ಚಪ್ಪಲಿ.

ಎದುರಿನ ಟೈಲರ್ ಹೆಂಗಸು ಬಾಗಿಲಿಗೆ ಬಂದಳು. “ಸ್ಕೂಲ್ ಟೀಚರಮ್ಮ ರೀ, ಬಗ್ಗಿ ಬರೀತಿದ್ರು. ಹಿಂದಿನಿಂದ ಸ್ಕೂಟರ್ ಬಂದು ಗುದ್ದಿತು. ಈಗಷ್ಟೇ ಆಸ್ಪತ್ರೆಗೆ ಕರ್ಕೊಂಡ್ ಹೋದ್ರು. ಈ ದರಿದ್ರ ಕಾರು ಯಾರ್ದೋ! ನಿಮಗೇನಾದ್ರೂ ಗೊತ್ತಾ?”

“ಗೊತ್ತಿಲ್ಲ,” ಎಂದ.

ಅವನು ಆಸ್ಪತ್ರೆಗೆ ಓಡಲಿಲ್ಲ. ಟೈಲರ್ ಒಳಗೆ ಹೋಗುವ ತನಕ ಕಾದ. ಕಾರು ತೆಗೆದ. ಹಿಂಬದಿಯ ಕನ್ನಡಿಯಲ್ಲಿ ಹೆಜ್ಜೆಗಳು ಕಂಡವು. ಫುಟ್‌ಪಾತಿನಿಂದ ಇಳಿದು, ಅಲ್ಲಿ ಇಲ್ಲದ ಕಾರನ್ನು ಅರ್ಧ ಸುತ್ತಿ ನಿಂತಿದ್ದವು. ಕಾರನ್ನು ಮನೆಯ ಶೆಡ್ಡಿಗೆ ಹಾಕಿ, ಬೀಗ ಜಡಿದು, ಆಮೇಲೆ ಆಸ್ಪತ್ರೆಗೆ ಹೋದ. ಆ ‘ಆಮೇಲೆ’ ಎನ್ನುವುದನ್ನು ಅವನು ಆಮೇಲೆ ಎಷ್ಟು ಸಲ ನೆನೆದನೋ.

ಪಾದದ ಮೇಲಿನ ಮೂಳೆ ಮುರಿದಿತ್ತು. ಸಂಜೆ ಸಂಜೆ ಅವಳ ಮನೆಗೆ ಹೋಗತೊಡಗಿದ, ಬಸ್ಸಿನಲ್ಲಿ. ಅಂದಿನಿಂದ ಕಾರು ಮುಟ್ಟಿರಲಿಲ್ಲ. ಅದೇನು ದೊಡ್ಡಸ್ತಿಕೆಯಲ್ಲ, ಆ ಸೀಟಿನಲ್ಲಿ ಕೂತರೆ ಕಣ್ಣು ತಾನಾಗಿ ಕನ್ನಡಿಗೆ ಹೋಗುತ್ತಿತ್ತು.

ಬಾಗಿಲು ತೆರೆಯುತ್ತಿದ್ದವಳು ಅವಳ ಚಿಕ್ಕಮ್ಮ. “ಬನ್ನಿ ಅಳಿಯಂದ್ರೇ... ಅಯ್ಯೋ, ಅಂಗಡಿಯವರೇ ಅನ್ನೋಕೆ ಹೋಗಿ ನಾಲಿಗೆ ಜಾರ್ತು.”

“ಚಿಕ್ಕಮ್ಮಾ!” ಒಳಗಿನಿಂದ ಅವಳ ಕೂಗು.

“ಕೂಗ್ಬೇಡ ಕಣೇ, ಮುರಿದಿರೋದು ಕಾಲು. ಮುಖ ಯಾಕೆ ಕೆಂಪಗಾಗಿದೆ?”

ಅವನು ಹಣ್ಣು ಬಿಡಿಸಿ ಕೊಡುತ್ತಿದ್ದ, ಮಕ್ಕಳ ಚಿತ್ರಗಳನ್ನು ಎತ್ತಿ ತೋರಿಸುತ್ತಿದ್ದ, ಅವಳು ಮಲಗಿದಲ್ಲಿಂದಲೇ ಅಂಕ ಹೇಳುತ್ತಿದ್ದಳು. ಅವಳ ಒಂದೊಂದು ‘ಥ್ಯಾಂಕ್ಸ್’ ಕೂಡ ಅವನಿಗೆ ಕೆನ್ನೆಗೆ ಬಾರಿಸಿದ ಹಾಗಿರುತ್ತಿತ್ತು. ಇವತ್ತು ಹೇಳಿಬಿಡುತ್ತೇನೆ ಎಂದು ಹೋಗುವನು, ನಾಳೆ ಹೇಳುತ್ತೇನೆ ಎಂದು ಮರಳುವನು. ಹೇಳಿದರೆ ಈ ಮನೆಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ತೆರೆದ ಬಾಗಿಲಲ್ಲಿ ತಾನು ಕಳ್ಳನಂತೆ ನುಗ್ಗುತ್ತಿರಬೇಕಾಗುತ್ತದೆ.

ನಗರಸಭೆಯಲ್ಲಿ ಪೇಟೆಬೀದಿಯ ಮಾತು ಬಂದ ದಿನ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವನೂ ಅವನೇ. ಅವಳು ಊರುಗೋಲಿನ ಮೇಲೆ ಭಾರ ಬಿಟ್ಟು ಎದ್ದು ನಿಂತಳು.

“ಆ ಕಾರಿನವನನ್ನ ನಾನು ಬೈಯೋಕೆ ಬಂದಿಲ್ಲ,” ಎಂದಳು. “ಅವನು ಕೆಟ್ಟವನೂ ಅಲ್ಲ. ಎರಡು ನಿಮಿಷ ತಾನೇ ಅಂದ್ಕೊಂಡಿರ್ತಾನೆ. ನಾವೆಲ್ಲ ಹಾಗೇ ಅಂದ್ಕೊಳ್ತೀವಿ. ಆ ಎರಡು ನಿಮಿಷದಲ್ಲಿ ನಡ್ಕೊಂಡು ಹೋಗೋರು ಎಲ್ಲಿ ಹೋಗ್ಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.”

ಪ್ರಯೋಗಕ್ಕೆಂದು ಕೆಲವು ಕಾಲ ಪೇಟೆಬೀದಿಯಲ್ಲಿ ಕಾರು ನಿಲ್ಲಿಸುವುದು ಬೇಡ ಎಂದು ಸಭೆ ಒಪ್ಪಿತು. ಪೋಸ್ಟ್ ಮಾಮ ಸಿಳ್ಳೆ ಹಾಕಿ ಬೈಸಿಕೊಂಡ. ಕನ್ನಡಕದ ಅಂಗಡಿಯವನೊಬ್ಬನಿಗೆ ಮಾತ್ರ ಚಪ್ಪಾಳೆ ತಟ್ಟಲಾಗಲಿಲ್ಲ.

ಬಸ್ ನಿಲ್ದಾಣದ ಬೆಂಚಿನಲ್ಲಿ ಅವಳು ಅವನ ಮುಖವನ್ನೇ ನೋಡಿದಳು.

“ಗೆದ್ದಿದೀವಿ ರೀ. ಸೋತವರ ಮುಖ ಯಾಕೆ ಹಾಕ್ಕೊಂಡಿದೀರ?”

“ನಾನೊಂದು ಹೇಳ್ಬೇಕು. ಮೀಟಿಂಗಿಗೆ ನಾನು ಸೈಕಲ್ಲಲ್ಲಿ ಬರ್ತಿರ್ಲಿಲ್ಲ.”

ಅವಳು ನಗತೊಡಗಿದಳು, ಊರುಗೋಲು ಜಾರಿ ಬೀಳುವಷ್ಟು. “ಅದಾ! ಅದು ನಂಗೆ ಯಾವಾಗ್ಲೋ ಗೊತ್ತು. ನಿಮ್ಮ ಅಂಗಿ ಒಂದಿನಾನೂ ಬೆವತಿರ್ಲಿಲ್ಲ. ಆ ಸೈಕಲ್ ಟೈರಿನ ಮೇಲೆ ಹೊಸ ರಬ್ಬರಿನ ಕೂದಲು ಹಾಗೇ ಇದೆ. ನನಗೋಸ್ಕರ ಯಾರೋ ಇಷ್ಟು ದಡ್ಡತನ ಮಾಡ್ತಿದಾರಲ್ಲ ಅಂತ...” ಅವಳು ತಲೆ ತಗ್ಗಿಸಿದಳು. “ಚೆನ್ನಾಗಿತ್ತು. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ.”

ಅವಳ ಕೈ ಬೆಂಚಿನ ಮೇಲೆ ಅವನ ಕೈಯ ಪಕ್ಕಕ್ಕೆ ಬಂತು. ಬೆರಳಿಗೆ ಬೆರಳು ತಾಗಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ತಪ್ಪೊಪ್ಪಿಕೊಂಡಂತೆಯೂ ಆಗಿತ್ತು, ಕ್ಷಮೆಯೂ ಸಿಕ್ಕಿತ್ತು. ಚಿಕ್ಕ ಸುಳ್ಳಿಗೆ ಸಿಕ್ಕ ಕ್ಷಮೆಯ ಕೆಳಗೆ ದೊಡ್ಡದನ್ನು ಬಚ್ಚಿಟ್ಟು ಬದುಕುವವರು ಬೇಕಾದಷ್ಟು ಜನರಿದ್ದಾರೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ಆ ಕಾರೂ ನಂದೇ.”

“ಯಾವ ಕಾರು?”

“ನೀವು ಹೆಜ್ಜೆ ಬರೆದಿದ್ದು. ನಾನು ಒಳಗಿದ್ದೆ, ಮಸೂರದ ಕಾರ್ಖಾನೇಲಿ. ಹೊರಗೆ ಬಂದಾಗ ನಿಮ್ಮ ಪಾದ ಗುರುತು ಸಿಕ್ತು. ಚಪ್ಪಲಿ ಬಿದ್ದಿತ್ತು. ಯಾರ ಕಾರು ಅಂತ ಟೈಲರ್ ಕೇಳಿದ್ರು. ಗೊತ್ತಿಲ್ಲ ಅಂದೆ. ಕಾರು ಮನೇಲಿ ಬಚ್ಚಿಟ್ಟು ಆಮೇಲೆ ಆಸ್ಪತ್ರೆಗೆ ಬಂದೆ.”

ಅವಳ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ಹೋಗಲು ದಾರಿ ತಿಳಿಯದವರಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ನಿಧಾನವಾಗಿ ಇಳಿದುಹೋಯಿತು.

“ಚಪ್ಪಲಿ ನೋಡಿದ್ರಿ,” ಎಂದಳು.

“ಹೂಂ.”

“ನೋಡಿ, ಕಾರು ತೆಗೆದ್ರಿ.”

“ಹೂಂ.”

ಬಸ್ಸು ಬಂತು. ಅವನು ಹಿಡಿಯಲು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಕಂಬಿ ಹಿಡಿದು ತಾನೇ ಹತ್ತಿ, ಬಾಗಿಲಲ್ಲಿ ತಿರುಗಿದಳು.

“ನೀವು ಹತ್ಬೇಡಿ. ನಡ್ಕೊಂಡು ಬನ್ನಿ, ಮನೆವರೆಗೆ. ಬಂದ್ರೆ ಬಾಗಿಲು ತೆಗೀತೀನಿ ಅಂತ ಏನೂ ಇಲ್ಲ. ದೂರ ಆಗತ್ತಾ?”

ಅಷ್ಟೇನಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವನು ನುಂಗಿಕೊಂಡ.

“ಹೌದು. ತುಂಬ ದೂರ.”

ಬಾಗಿಲು ಮುಚ್ಚಿಕೊಂಡಿತು.

ನಡೆದ. ಬಿಸಿಲು ಇನ್ನೂ ಇಳಿದಿರಲಿಲ್ಲ. ಫುಟ್‌ಪಾತಿನ ಮೇಲೊಂದು ವ್ಯಾನು, ರಸ್ತೆಗಿಳಿದು ಸುತ್ತಿದ. ಮತ್ತೊಂದು ಕಡೆ ಹೊಳೆಯುವ ಹೊಸ ಕಾರು, ಇಳಿದು ಸುತ್ತಿದ. ಹಿಂದಿನಿಂದ ಹಾರ್ನ್ ಹೊಡೆದಾಗ ಬೆನ್ನು ಝುಮ್ಮೆಂದಿತು. ಅವತ್ತು ಅವಳು ಬಗ್ಗಿದ್ದಳು, ಹಿಂದೆ ಸ್ಕೂಟರ್ ಬರುತ್ತಿರುವುದೂ ಅವಳಿಗೆ ತಿಳಿದಿರಲಿಲ್ಲ. ಮಸೂರದ ಕಾರ್ಖಾನೆಯ ಬೀದಿಗೆ ಬಂದಾಗ ಸೀಮೆಸುಣ್ಣ ಅಳಿಸಿಹೋಗಿತ್ತು. ಟೈಲರ್ ಬಾಗಿಲಲ್ಲೇ ಇದ್ದಳು.

“ಅವತ್ತು ಕೇಳಿದ್ರಲ್ಲ, ಆ ಕಾರು ನಂದು,” ಎಂದ.

ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಚೆನ್ನಾಗಿ ಬೈದಳು. ಅವನು ಪೂರ್ತಿ ಕೇಳಿಸಿಕೊಂಡು ಮುಂದೆ ನಡೆದ.

ಮನೆ ತಲುಪುವಾಗ ದೀಪ ಹಚ್ಚಿದ್ದರು. ಬಾಗಿಲು ತೆರೆದವಳು ಚಿಕ್ಕಮ್ಮನಲ್ಲ, ಅವಳೇ. ಅತ್ತು ಕಣ್ಣು ಕೆಂಪಗಾಗಿತ್ತು. ಅಂಟಿಕೊಂಡ ಅಂಗಿಯನ್ನು, ಬೆವರು ತೊಟ್ಟಿಕ್ಕುವ ಕಿವಿಯನ್ನು, ದೂಳು ಮೆತ್ತಿದ ಬೂಟನ್ನು ಒಂದೊಂದಾಗಿ ನೋಡಿದಳು.

“ನನಗಿನ್ನೂ ಕೋಪ ಇದೆ.”

“ಇರ್ಲಿ.”

“ತುಂಬ ದಿನ ಇರತ್ತೆ.”

“ನಾನು ದಿನಾ ನಡ್ಕೊಂಡು ಬರ್ತೀನಿ.”

“ಯಾರು ಕರೆದ್ರು?”

ಅವಳು ಬಾಗಿಲಿಗೆ ಒರಗಿ, ಕನ್ನಡಕ ತೆಗೆದು ಮುಂದೆ ಚಾಚಿದಳು. “ಮತ್ತೆ ಸೊಟ್ಟ ಆಗಿದೆ.”

ಬೆವರಿದ ಬೆರಳಿನಿಂದ ಗಾಜು ಮಸುಕಾಗದಂತೆ ಹಿಡಿದು ಕಡ್ಡಿ ಬಗ್ಗಿಸಿದ. ತೊಡಿಸುವ ಧೈರ್ಯವಾಗಲಿಲ್ಲ, ಅವಳ ಕೈಗೇ ಕೊಟ್ಟ. ಅವಳು ಹಾಕಿಕೊಂಡು ಬಹಳ ಹೊತ್ತು ಅವನನ್ನೇ ನೋಡಿದಳು.

“ಈಗ?” ಎಂದ.

“ನೀವಿನ್ನೂ ವಾಲಿದೀರ,” ಎಂದಳು.

ಆಮೇಲೆ ಊರುಗೋಲನ್ನು ಪಕ್ಕಕ್ಕೆ ಸರಿಸಿ, ಅವನು ಒಳಗೆ ಬರುವಷ್ಟು ದಾರಿ ಬಿಟ್ಟಳು.