ಕಬ್ಬೂರಿಗೆ ಐದು ಡಿಗ್ರಿ

ಮೊದಲ ಸಲ ಅಲಾರ್ಮ್ ಬಡಿದದ್ದು ನಿಜವಾಗಿಯೂ ಅಕಸ್ಮಾತ್. ಕಬ್ಬೂರಿನ ಹಾಲಿನ ಕೇಂದ್ರದಲ್ಲಿ ತಂಪು ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಚಿಕ್ಕೋಡಿ ಆಫೀಸಿನ ಕಂಪ್ಯೂಟರಿನಿಂದಲೇ ಎಲ್ಲ ಕೇಂದ್ರಗಳ ಟ್ಯಾಂಕು ಕಾಯುವ ಮಾಳೇಶ ಬೈಕ್ ಹತ್ತಿ ಓಡಿಬಂದ.

ಹಾಲು ಅಳೆಯುವ ಸೋನಾಲಿ ನಕ್ಕಳು. "ಇಷ್ಟಕ್ಕ ಅಷ್ಟ ದೂರಿಂದ ಬಂದ್ರ್ಯಾ?"

ಆ ನಗು ನೋಡಿದ ಮೇಲೆ ಮಾಳೇಶ ಮಾಡಬಾರದ್ದನ್ನು ಮಾಡಿದ. ಎಲ್ಲ ಕೇಂದ್ರಗಳಿಗೂ ಟ್ಯಾಂಕಿನ ಹಾಲು ಆರು ಡಿಗ್ರಿ ದಾಟಿದರೆ ಅವನ ಮೊಬೈಲಿನಲ್ಲಿ ಅಲಾರ್ಮ್. ಕಬ್ಬೂರಿಗೆ ಮಾತ್ರ ಐದಕ್ಕೆ ಇಳಿಸಿದ. ಅದನ್ನು ಆಕೆಗೆ ಹೇಳಿಯೂ ಬಿಟ್ಟ.

"ನಿಮ್ಮ ಟ್ಯಾಂಕ್ ಸ್ವಲ್ಪ ನಾಜೂಕ ಐತ್ರಿ. ಐದು ದಾಟಿದ್ರ ಸಾಕು, ನಾ ಬರ್ತೀನಿ."

"ನಾಜೂಕ ಟ್ಯಾಂಕೋ, ನೀವೋ?"

ಮುಂದಿನ ವಾರ ಮುಚ್ಚಳ ಮತ್ತೆ ಸರಿದಿತ್ತು. ಅದರ ಮುಂದಿನ ವಾರವೂ. "ಗಾಳಿ ಭಾಳ ಬಿಟ್ಟಿತ್ರಿ," ಎನ್ನುತ್ತಿದ್ದಳು, ಓರೆಗಣ್ಣಿನಲ್ಲಿ ನೋಡುತ್ತ. ಆ ಉಕ್ಕಿನ ಮುಚ್ಚಳ ಬಿರುಗಾಳಿಗೂ ಅಲುಗುವಂಥದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಚಹಾ ಬರುತ್ತಿತ್ತು, ಕುರಿ-ಎಮ್ಮೆಗಳ ಸುದ್ದಿ ಬರುತ್ತಿತ್ತು. ಬರಬೇಕಾದ ಮಾತೊಂದೇ ಬರುತ್ತಿರಲಿಲ್ಲ. ಇಬ್ಬರದೂ ಒಂದೇ ಜಾತಿ, ಒಂದೇ ಮನೆದೇವರು. ಅಡ್ಡ ಇದ್ದದ್ದು ಮಾಳೇಶನ ನಾಲಗೆ ಮಾತ್ರ.

ಒಂದು ದಿನ ಚಹಾ ಕೊಡುತ್ತ ಸೋನಾಲಿ ಹೇಳಿದಳು. "ಬರೂ ಗುರುವಾರ ಕಾಗವಾಡದವರು ನನ್ನ ನೋಡಾಕ ಬರ್ತಾರ್ರಿ. ಮನಸಿನ್ಯಾಗ ಯಾರರ ಇದ್ರ ಮೊದಲ ಹೇಳವ್ವ ಅಂದಾನ ಅಪ್ಪ."

ಮಾಳೇಶ ಕಪ್ಪಿನೊಳಗೆ ನೋಡುತ್ತ, "ಚಲೋ ಆತಲ್ರಿ," ಎಂದುಬಿಟ್ಟ ಪುಣ್ಯಾತ್ಮ!

ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಕೊನೆಗೆ ಮನಸ್ಸಿನಲ್ಲೇ ಒಂದು ನಿಶ್ಚಯ ಮಾಡಿದ. ಗುರುವಾರ ಆಕೆ ಮುಚ್ಚಳ ತೆರೆದರೆ ತಾನೇ ಆಕೆಗೆ ಬೇಕು ಎಂದರ್ಥ. ಹೋಗಿ ಅವಳಪ್ಪನೆದುರು ನಿಂತು ಕೇಳಿಯೇಬಿಡುವುದು.

ಅದೇ ವಾರ ಆಫೀಸಿಗೆ ಹೊಸ ಸರ್ವರ್ ಬಂತು. ಹಳೆಯದರಲ್ಲಿದ್ದ ಎಲ್ಲ ಕೇಂದ್ರಗಳ ಸೆಟ್ಟಿಂಗ್ ಹೊಸದಕ್ಕೆ ಹೋಗಬೇಕು, ಸಾಹೇಬರ ಅವಸರ ಬೇರೆ. ಮಾಳೇಶನ ತಲೆ ನೆಟ್ಟಗಿದ್ದರೆ ತಾನೆ? ಅಂಕಲಿ ಕೇಂದ್ರದ ಸೆಟ್ಟಿಂಗ್ ಸರಿಮಾಡಿ, ಅದನ್ನೇ ಉಳಿದೆಲ್ಲ ಕೇಂದ್ರಗಳಿಗೂ ಕಾಪಿ ಹೊಡೆದ. ಪರದೆಯ ಮೇಲೆ ಎಲ್ಲವೂ ಹಸಿರಾಯಿತು. ಬುಧವಾರ ಹಳೆಯ ಸರ್ವರ್ ಬಂದ್ ಮಾಡಿದರು.

ಗುರುವಾರ ದಿನವಿಡೀ ಮೊಬೈಲು ಕೈಯಲ್ಲೇ ಇತ್ತು. ಬಡಿಯಲಿಲ್ಲ. ಆಕೆಗೆ ಕಾಗವಾಡವೇ ಬೇಕಾಯಿತು ಎಂದುಕೊಂಡ. ಸಂಜೆ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದ.

ಶನಿವಾರ ಹೊಸ ಸರ್ವರನ್ನು ತಪಾಸಣೆ ಮಾಡುವಾಗ ಕಬ್ಬೂರಿನ ಗ್ರಾಫ್ ತೆರೆದ. ಗುರುವಾರ ಮುಂಜಾನೆಯೇ ಗೆರೆ ಐದನ್ನು ದಾಟಿತ್ತು. ಆರಕ್ಕೆ ಹತ್ತಿರವಾದಾಗಲೆಲ್ಲ ಇಳಿದು, ಮತ್ತೆ ಐದು ದಾಟಿ, ಮಧ್ಯಾಹ್ನದವರೆಗೂ ಹಾಗೇ ಇತ್ತು. ಹಾಲು ಕೆಡದಂತೆ ಮುಚ್ಚಿ ತೆರೆದು, ಮುಚ್ಚಿ ತೆರೆದು ಸೋನಾಲಿ ಕಾದಿದ್ದಳು. ಅಂಕಲಿಯ ಆರನ್ನು ಕಬ್ಬೂರಿಗೂ ಅಂಟಿಸಿದ್ದು ತನ್ನದೇ ಕೈ. ಮಾಳೇಶ ಬೈಕ್ ಹತ್ತಿದ.

ಕಬ್ಬೂರು ಮುಟ್ಟಿದಾಗ ಆಕೆಯ ಕೈತುಂಬ ಹೊಸ ಹಸಿರು ಬಳೆಗಳಿದ್ದವು.

"ಸರ್ವರ್ ಬದಲ ಮಾಡಿದ್ವಿ. ಐದು ಹೋಗಿ ಆರು ಆಗಿತ್ತು, ನನ್ನ ಲಕ್ಷ್ಯಕ್ಕ ಬರಲಿಲ್ಲ. ಅಲಾರ್ಮ್ ಬಡದಿದ್ರ ಓಡಿ ಬರ್ತಿದ್ನಿ, ಸೋನಾಲಿ."

"ಅಪ್ಪ ಮಾತ ಕೊಟ್ಟಾನ್ರಿ. ನಾನೂ ಹೂಂ ಅಂದೀನಿ." ಆಕೆಯ ಕಣ್ಣು ತುಂಬಿದವು. "ಗುರುವಾರ ಅಂತ ಬಾಯಿಬಿಟ್ಟ ಹೇಳಿದ್ನಲ್ರಿ. ಅಲಾರ್ಮ್ ಬಡೀಲಿಲ್ಲಂದ್ರ ನಿಮಗ ಬರಾಕ ಆಗೂದಿಲ್ಲೇನ್ರಿ?"

ಆಕೆ ಚಹಾ ಕೊಟ್ಟಳು. ಮಾಳೇಶ ಕುಡಿದು ಎದ್ದ.

ಆಫೀಸಿಗೆ ಮರಳಿ ಕಬ್ಬೂರಿಗೆ ಮತ್ತೆ ಐದು ಹಾಕಿದ. ಸೋನಾಲಿ ಈಗ ಕಾಗವಾಡದಲ್ಲಿದ್ದಾಳೆ. ಕಬ್ಬೂರಿನ ಗೆರೆ ನಾಲ್ಕರ ಮೇಲೆ ನೆಟ್ಟಗೆ ಹೋಗುತ್ತದೆ. ಮಾಳೇಶ ದಿನಾ ಅದನ್ನು ತೆರೆದು ನೋಡುತ್ತಾನೆ.