ಸಪ್ಪಳ ಮುಚ್ಚಿದ ಕಾರು

ಧಪ್!

ಜಮಾದಾರನ ಲಾಠಿ ಕಾರಿನ ಹಿಂದಿನ ಡೋರಿಗೆ ಬಿತ್ತು.

ನಾ ಸ್ಟೇರಿಂಗ್ ಹಿಡಕೊಂಡು ಕುಂತಿದ್ದೆ.

ಧಪ್! ಧಪ್!

"ಏನಲೇ ಇದು... ಕಾರೋ, ಗ್ವಾಡಿಯೋ?"

"ಕಾರ ರೀ ಸಾಹೇಬ್ರ."

"ಮತ್ತ ಟಣ್ ಅನ್ನವಲ್ದಲ್ಲ!"

ಅನಬಾರದು. ಅದಕ್ಕಂತನ ನಾಕು ದಿನ ಬೆವರು ಸುರಿಸಿದ್ದು.

ಯಾಕಂದ್ರ ಹಿಂದಿನ ಸೀಟಿನ ಕೆಳಗ ಒಂದು ಪೆಟಿಗಿ ಇತ್ತು. ಪೆಟಿಗ್ಯಾಗ ಅಮೀನಬಿ ಮಲಗಿದ್ಲು. ಆಕಿ ಎದಿಮ್ಯಾಲೆ ಎಂಟು ತಿಂಗಳ ಕೂಸು!

ನಲವತ್ತೆಂಟನೇ ಇಸ್ವಿ ಶ್ರಾವಣ ಅದು. ನಮ್ಮ ಕಡೆ ಸ್ವಾತಂತ್ರ್ಯ ಬಂದು ವರ್ಷ ಆಗಿತ್ತು. ಮುಂಡರಗಿ ದಾಟಿ ಅಳವಂಡಿ ರಸ್ತಾ ಹಿಡದ್ರ ನಿಜಾಮನ ಸೀಮಿ. ಅಲ್ಲಿ ಇನ್ನೂ ಬಂದಿರಲಿಲ್ಲ. ನಡುವ ನಿಜಾಮನ ಪೊಲೀಸರ ಈ ನಾಕಾ.

ನನ್ನ ಹೆಸರು ಸಕ್ರಪ್ಪ. ಯುದ್ಧದಾಗ ಮಿಲಿಟರಿ ಲಾರಿ ಹೊಡದಂವ. ಆಮೇಲೆ ಬೆಟಗೇರ್ಯಾಗ ಮೆಕ್ಯಾನಿಕ್. ಮ್ಯಾಲೆ ನೋಡಾಕ ಕಾರು ರಿಪೇರಿ. ಒಳಗಿನ ಕೆಲಸ ಬ್ಯಾರೆ... ಗಡಿ ದಾಟಿಸೋದು. ಕಾಗದ, ಔಷಧ, ಒಮ್ಮೊಮ್ಮೆ ಮನಷ್ಯಾರು.

ಗಾಡಿ ಸೀಟು ಹೊಲಿಯೋ ಮೌಲಾಸಾಬ ನನ್ನ ಬಾಜೂ ಅಂಗಡಿಯಂವ. ಲಕ್ಷ್ಮೇಶ್ವರದಿಂದ ಬಂದು ನೆಲೆ ನಿಂತಂವ. ಒಂದಿನ ಮುಂಜಾನೆ ಬಂದು ಎದುರಿಗೆ ನಿಂತ. ಚಾ ಕೊಟ್ಟೆ. ಮುಟ್ಟಲಿಲ್ಲ.

"ಸಕ್ರಪ್ಪಾ... ಅಳಿಯನ್ನ ಒಯ್ದಾರೋ."

"ನಜೀರಸಾಬನ್ನ? ಯಾರು?"

"ರಜಾಕಾರರು. ತಿಂಗಳಾತು, ಖಬರ ಇಲ್ಲ."

ನಜೀರಸಾಬ ಆ ಕಡೆ ಊರಾಗ ದರ್ಜಿ. ಕದ್ದು ಮುಚ್ಚಿ ತಿರಂಗಾ ಝಂಡಾ ಹೊಲದು ಹಂಚಿದ್ದ.

"ಈಗ ಮಗಳನ್ನ ಹುಡುಕಾಕ ಹತ್ಯಾರ. ಝಂಡಾ ಯಾರ್ಯಾರಿಗೆ ಕೊಟ್ಟ, ಹೆಸರು ಹೇಳು ಅಂತ."

"ಅಮೀನಬಿ ಎಲ್ಲದಾಳ?"

"ಕೊಟ್ರಪ್ಪ ಸಾವ್ಕಾರನ ಜಿನ್ನಿನಾಗ. ಹತ್ತಿ ಅರಳಿ ಮೂಟಿ ಹಿಂದ."

ಕೊಟ್ರಪ್ಪ ಸಾವ್ಕಾರ ನನ್ನ ಗಿರಾಕಿ. ಆ ಕಡೆ ಹತ್ತಿ ಜಿನ್ನು ನಡಸ್ತಿದ್ದ. ಅವನ ಹಳೇ ಅಮೆರಿಕನ್ ಕಾರು ರಿಪೇರಿಗೆ ಗದಗಕ್ಕ ಬಂದು ಹೋಗಾಕ ಪಾಸ್ ಇತ್ತು. ಪಾಸಿನಾಗ ಡ್ರೈವರ್ ಅಂತ ನನ್ನ ಹೆಸರು. ಆ ದಿನ ಕಾರು ನನ್ನ ಅಂಗಡಿ ಮುಂದನ ನಿಂತಿತ್ತು! ಓಡೂವಾಗ ಖಾಲಿ ಡಬ್ಬಿಗತೆ ಸಪ್ಪಳ ಮಾಡತೈತಿ, ಏನರ ಮಾಡು ಅಂತ ಸಾವ್ಕಾರ ಹೇಳಿ ಕಳಿಸಿದ್ದ.

ನೆವ ತಾನ ಮನಿ ಬಾಗಲಿಗೆ ಬಂದಿತ್ತು.

ಆದ್ರ ನಾಕಾದಾಗ ಪ್ರತಿ ಗಾಡಿಗೂ ಲಾಠಿಲೆ ಬಡೀತಿದ್ರು. ಒಳಗ ಪೊಳ್ಳು ಇದ್ರ ಟಣ್ ಅಂತೈತಿ. ಹಿಂದಿನ ವಾರ ಒಂದು ಲಾರಿ ಹಂಗ ಸಿಕ್ಕಿತ್ತು. ಡ್ರೈವರನ ಹೆಣ ಹಳ್ಳದಾಗ ಸಿಕ್ತು.

"ಟಣ್ ಅನಬಾರದು, ಅಷ್ಟ ಹೌದಲ್ಲೋ?" ಮೌಲಾಸಾಬ ಅಂದ. "ಅದನ್ನ ನನಗ ಬಿಡು."

ಸೀಟು ಕಿತ್ವಿ. ಅದರ ಕೆಳಗ ತಗಡಿನ ಪೆಟಿಗಿ ಕೂಡಿಸಿದ್ವಿ. ತಗಡಿನ ಜಂಗು ಕೆರದ್ವಿ. ಚಿಮಣಿ ಎಣ್ಣಿಲೆ ಒರಸಿದ್ವಿ. ಮೌಲಾಸಾಬ ಡಾಂಬರ ಕಾಸಿ ದಪ್ಪಗ ಬಳದ. ಅದು ಆರೂದ್ರೊಳಗ ಗೋಣಿತಟ್ಟು ಒತ್ತಿದ. ಅದರ ಮ್ಯಾಲೆ ಸೊರಟೂರಿಂದ ತಂದ ಹಳೇ ಕಂಬಳಿ. ಮನಿಯಿಂದ ಲಟ್ಟಣಿಗಿ ತಂದು ಮೂಲಿ ಮೂಲಿಗೂ ಉರುಳಿಸಿದ, ನಡುವ ಗಾಳಿ ಉಳೀಬಾರದು ಅಂತ. ಪೆಟಿಗಿಗೆ ಅಷ್ಟ ಅಲ್ಲ... ಡೋರು, ಛತ್ತು, ನೆಲ, ಎಲ್ಲಾಕೂ. ಎಲ್ಲಿ ಬಡದ್ರೂ ಒಂದ ದನಿ ಬರಬೇಕು.

ಬೆರಳ ಗೆಣ್ಣಿಲೆ ಬಡೀತಿದ್ದ. ಕಿವಿ ಕೊಟ್ಟು ಕೇಳ್ತಿದ್ದ. ಮನಸಿಗೆ ಬರಲಿಲ್ಲಂದ್ರ ಕಿತ್ತು ಮತ್ತ ಹಚ್ಚತಿದ್ದ. ಕಡೀಕ ಪೆಟಿಗಿ ತಳದಾಗ ಎರಡು ತೂತು ಕೊರದ. ಹೆಬ್ಬೆಟ್ಟಿನಷ್ಟು.

"ತೂತಿನಾಗಿಂದ ಸಪ್ಪಳ ಹೊರಗ ಬರತೈತಿ," ಅಂದೆ.

"ಉಸಿರು ಒಳಗ ಹೋಗತೈತಿ," ಅಂದ. "ಅವನ್ನ ಮಾತ್ರ ಮುಟ್ಟಬ್ಯಾಡ ಸಕ್ರಪ್ಪಾ!"

"ಆತು," ಅಂದೆ.

ಐದನೇ ದಿನ ಕಾರು ಸಾವ್ಕಾರಗ ಮುಟ್ಟಿಸಿದೆ. ಅವಗ ಎಲ್ಲಾ ಗೊತ್ತಿತ್ತು. ಗೊತ್ತಿಲ್ಲಧಂಗ ಆಕಳಿಸಿದ. ಮರುದಿನ ಮಧ್ಯಾಹ್ನ, ರೇಡಿಯೇಟರ್ ಸೋರತೈತಿ ಅಂತ ಹೇಳಿ, ಅದ ಕಾರು ತಿರಗಿ ಗದಗಕ್ಕ ಹೊಂಟಿತು. ಈ ಸಲ ಪೆಟಿಗಿ ಖಾಲಿ ಇರಲಿಲ್ಲ.

ನಾಕಾ ಇನ್ನ ಅರ್ಧ ಮೈಲು...

ಕೂಸು ಎದ್ದಿತು!

ಅಳೂ ದನಿ ಕಾರಿನ ಕೆಳಗಿಂದ ಬರತಿತ್ತು. ತೂತಿನಾಗಿಂದ. ಸಣ್ಣ ದನಿ... ಆದ್ರ ಕಿವಿ ಇದ್ದಂವಗ ಸಾಕು.

ಕಾರು ನಿಲ್ಲಿಸಿದೆ. ರಾಡ್ಯಾಗ ಅಂಗಾತ ಮಲಗಿ ಕೆಳಗ ಸರದೆ.

"ತಂಗೀ, ಸುಮ್ಮನ ಮಾಡಸು!"

"ಆಗವಲ್ದು ಅಣ್ಣಾ... ಡಾಂಬರ ವಾಸನಿ..."

"ಐದ ಮಿನಿಟು. ತಡಕೋ."

ಆಕಿ ಇನ್ನೂ ಏನೋ ಅಂದ್ಲು. ಅದು ಪೂರಾ ಕೇಳೂದ್ರೊಳಗ ತೂತಿಗೆ ಅರಿವಿ ತುರುಕಿದೆ. ಒಂದು... ಎರಡು.

ಸಪ್ಪಳ ನಿಂತಿತು.

ಆಮೇಲೆ ಲಾಠಿ. ಧಪ್, ಧಪ್. ಅಲ್ಲೀತನಕ ಮೊದಲ ಹೇಳೇನಿ.

"ಸಾವ್ಕಾರ್ರು ಒಳಗ ಕಂಬಳಿ ಹಚ್ಚಿಸ್ಯಾರ್ರಿ," ಅಂದೆ. "ಸಪ್ಪಳಕ್ಕ ಅವರಿಗೆ ತಲಿ ನೋಯ್ತಿತ್ತಂತ."

"ಶ್ರೀಮಂತರ ತಲಿ!" ಜಮಾದಾರ ನಕ್ಕ. ಪಾಸ್ ತಿರುಗಿಸಿ ಕೊಟ್ಟ. ಗೇರ್ ಹಾಕಬೇಕು...

ದಬದಬ ಮಳಿ ಬಿತ್ತು.

ಅಂವ ಡೋರು ತಗದು ಹಿಂದಿನ ಸೀಟಿನ ಮ್ಯಾಲೆ ಕುಂತುಬಿಟ್ಟ!

"ಮಳಿ ನಿಂತ ಮ್ಯಾಲೆ ಹೋಗುವಂತಿ."

ಹೆಂಗ ಇಲ್ಲ ಅನ್ನಲಿ? ಕೈಗಡಿಯಾರ ನೋಡಿದೆ. ಐದು ಮಿನಿಟು ಆಗಿ ಹೋಗಿದ್ವು. ಹತ್ತಾದ್ವು. ಅಂವ ಬೀಡಿ ಹಚ್ಚಿದ. ಮಗಳ ಲಗ್ನದ ಸುದ್ದಿ ಹೇಳಿದ. ನಾ ಹೂಂ ಅಂದೆ. ಏನು ಕೇಳಿದೆ, ದೇವರಿಗೇ ಗೊತ್ತು.

"ಏಯ್... ಕೆಳಗ ಏನೋ ಕೆರದಂಗ ಆತಲ್ಲ?"

ಕನ್ನಡ್ಯಾಗ ಅವನ ಮಾರಿ ನೋಡಿದೆ.

"ಇಲಿ ರೀ. ಜಿನ್ನಿನಾಗ ನಿಲ್ಲೂ ಕಾರು. ಅರಳಿ ಒಯ್ದು ಗೂಡು ಮಾಡ್ತಾವು."

"ಸೀಟು ಬಿಚ್ಚು. ನೋಡೂಣು."

"ಬಿಚ್ಚತೀನ್ರಿ. ಹದಿನಾರು ಸ್ಕ್ರೂ ಅದಾವು. ನೀವು ಮಳ್ಯಾಗ ಇಳೀಬೇಕಾಗತೈತಿ ನೋಡ್ರಿ..."

ಅಂವ ಮಳಿ ನೋಡಿದ. ತನ್ನ ಹೊಸಾ ಬೂಟು ನೋಡಿಕೊಂಡ.

ಕೆರಿಯೋ ಸಪ್ಪಳ ನಿಂತಿತು.

ಅದು ಇನ್ನೂ ಕೆಟ್ಟದು!

"ಸತ್ತಿತು ಕಾಣತೈತಿ ನಿನ್ನ ಇಲಿ," ಅಂತ ನಕ್ಕ.

ನಾನೂ ನಕ್ಕೆ. ಹಲ್ಲಷ್ಟ ನಕ್ಕವು.

ಹದಿನೆಂಟನೇ ಮಿನಿಟಿಗೆ ಮಳಿ ಸಣ್ಣಾತು. ಇಳದ. ಅಡ್ಡಗಟ್ಟಿದ ಗಳ ಮ್ಯಾಲೆದ್ದಿತು. ಕಾರು ಬಿಟ್ಟೆ. ಐವತ್ತು ಮಾರು ಹೋಗಿರಲಿಕ್ಕಿಲ್ಲ...

ಹಿಂದ ಸೀಟಿ ಊದಿದ್ರು!

"ನಿಂದ್ರಸಲೇ! ನಿಂದ್ರಸು!"

ಅವನ ತಲ್ಯಾಗ ಇಲಿ ಇನ್ನೂ ಓಡಾಡ್ತಿತ್ತು. ನಾ ನಿಲ್ಲಿಸಲಿಲ್ಲ. ಗುಂಡು ಹಾರಿತು. ಹಿಂದಿನ ಗಾಜು ಪುಡಿಪುಡಿ! ಕನ್ನಡ್ಯಾಗ ಅವರ ಲಾರಿ ಕಂಡಿತು. ಎರಡು ಮೈಲು ಆ ಲಾರಿ ಬೆನ್ನ ಬಿಡಲಿಲ್ಲ. ಎರಡು ಮೈಲು ನನಗ ಆ ಅರಿವಿ ಕೀಳಾಕ ಆಗಲಿಲ್ಲ.

ಎದುರಿಗೆ ಹಳ್ಳ ತುಂಬಿ ಹರೀತಿತ್ತು. ಆಚಿ ದಂಡಿ ನಮ್ಮದು. ಹೊಕ್ಕೆ. ನೀರು ಬಾನೆಟ್ಟಿಗೆ ಬಡೀತು. ಇಂಜಿನ್ ಕೆಮ್ಮಿತು, ಸಾಯಲಿಲ್ಲ. ಲಾರಿ ಹಿಂದಿನ ದಂಡ್ಯಾಗ ನಿಂತಿತು.

ದಂಡಿ ಹತ್ತಿದ್ದೇ ತಡ, ಕೆಳಗ ಜಿಗದು ಕಬ್ಬಿಣದ ಹಾರಿಲೆ ಸೀಟು ಮೀಟಿದೆ. ಸ್ಕ್ರೂ ಬಿಚ್ಚೂ ವ್ಯಾಳ್ಯಾ ಅಲ್ಲ ಅದು.

ಅಮೀನಬಿ ಅಲ್ಲಾಡಲಿಲ್ಲ.

ಪೆಟಿಗಿಯ ಒಂದು ಮೂಲ್ಯಾಗ ಕಂಬಳಿ ಹರದು ಚಿಂದಿ ಆಗಿತ್ತು. ಗೋಣಿತಟ್ಟು, ಡಾಂಬರ ಎಲ್ಲಾ ಕಿತ್ತು ಬಂದಿತ್ತು. ಅಲ್ಲಿ ತಗಡಿನ ಜೋಡದಾಗ ಒಂದು ಸೀಳು ಇತ್ತು... ಚಾಕು ತೂರುವಷ್ಟು. ಆ ಸೀಳಿಗೆ ಕೂಸಿನ ಮಾರಿ ಒತ್ತಿ ಹಿಡದಿದ್ಲು. ಎರಡು ಮಾರಿ ಹಿಡೀವಷ್ಟು ಜಾಗ ಇರಲಿಲ್ಲ. ತನ್ನ ಮಾರಿ ಅತ್ತಾಗ ತಿರುಗಿಸಿದ್ಲು.

ಮಳ್ಯಾಗ ಹೊರಗ ಎಳದು ಮಲಗಿಸಿದೆ. ಮೊದಲ ಕೂಸು ಕೆಮ್ಮಿತು. ಭಾಳ ಹೊತ್ತಿನ ಮ್ಯಾಲೆ ತಾಯಿ ಉಸಿರು ಎಳಕೊಂಡ್ಲು. ನಾ ಅಲ್ಲೇ ರಾಡ್ಯಾಗ ಕುಂತೆ.

ಆಕಿ ಕಣ್ಣು ತಗದ್ಲು.

"ತೂತು ಯಾರು ಮುಚ್ಚಿದ್ರು?"

"ನಾನ."

ಡಂಬಳ ದಾಟಿದ್ವಿ, ಗದಗ ಬಂತು.

ಬೆಟಗೇರ್ಯಾಗ ಮೌಲಾಸಾಬ ರಸ್ತಾಕ್ಕ ಓಡಿ ಬಂದ. ಮಗಳನ್ನ ಅಪ್ಪಿಕೊಂಡ. ಮೊಮ್ಮಗನ ತಲಿ ಮೂಸಿದ. ಆಮೇಲೆ ಆಕಿ ಕೈ ಹಿಡದು ಅಲ್ಲೇ ನಿಂತುಬಿಟ್ಟ. ಮೂರು ಬೆರಳಿಗೆ ಉಗುರ ಇರಲಿಲ್ಲ. ಉಳದ ಉಗುರಿನಾಗ ಕರೀ ಡಾಂಬರ.

ತೂತು ಮುಚ್ಚಿತ್ತು ಅಂತ ಅವಗ ಯಾರೂ ಹೇಳೂದು ಬೇಕಾಗಿರಲಿಲ್ಲ.

ಚಿಮಣಿ ಎಣ್ಣಿ ತಂದ. ಅರಿವಿ ಅದ್ದಿ, ಗಾಯಕ್ಕ ತಾಗಧಂಗ, ಒಂದೊಂದ ಬೆರಳು ಒರಸಿದ. ನನ್ನ ಕಡೆ ನೋಡಲಿಲ್ಲ.

"ಎಷ್ಟೊತ್ತು?"

"ಅರ್ಧ ತಾಸು."

"ತೂತು ತೆರದಿದ್ರ?"

"ನಾಕಾದಾಗ ಮೂರೂ ಮಂದಿ ಹೋಗಿರ್ತಿದ್ವಿ."

"ಹೌದು," ಅಂದ. "ಅದೂ ಖರೆ. ಮಗಳನ್ನ ತಂದಿ. ಸಾಯೂತನಕ ನಿನಗ ದುವಾ ಮಾಡತೀನಿ." ಅರಿವಿ ಹಿಂಡಿದ. "ಇನ್ನ ಮ್ಯಾಲೆ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ."

ತಿಂಗಳೊಪ್ಪತ್ತಿನಾಗ ದಿಲ್ಲಿ ದಂಡು ಬಂತು, ನಾಕಾ ಹೋತು. ನಜೀರಸಾಬ ಮಾತ್ರ ಬರಲಿಲ್ಲ. ಐವತ್ತಾರಕ್ಕ ಆ ಕಡೆ, ಈ ಕಡೆ ಎಲ್ಲಾ ಒಂದ ರಾಜ್ಯ ಆತು. ಆ ದಿನ ಮೌಲಾಸಾಬ ಓಣಿಗೆಲ್ಲಾ ಪೇಢೆ ಹಂಚಿದ. ನನಗೂ ಕಳಿಸಿದ, ಮೊಮ್ಮಗನ ಕೈಯಾಗ. ತಾ ಬರಲಿಲ್ಲ.

ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವ ಒಂದ ಗ್ವಾಡಿ.

ನನ್ನ ಗಾಡಿ ಸೀಟು ಹರದ್ರ, ಹೊಲಿಸಾಕ ಹುಬ್ಬಳ್ಳಿಗೆ ಹೋಗತಿದ್ದೆ!